ಆ ಬೇಸಿಗೆಯ ಎಲೆಗಳು

ಅಣ್ಣನ ಹುಬ್ಬುಗಳು ಮಧ್ಯಾಹ್ನದ ಹೊತ್ತಿಗೆ ಬೆಳ್ಳಗಾಗಿರುತ್ತಿದ್ದವು. ಕಣ್ಣಿನ ರೆಪ್ಪೆಯೂ, ಕಿವಿಯ ಮೇಲಿನ ಸಣ್ಣ ಕೂದಲೂ ಹಾಗೇ. ಅವನು ಊಟಕ್ಕೆ ಬಂದು ಕೂತರೆ ನನ್ನ ಮಗಳು ಮುದುಕ ಬಂದ ಮುದುಕ ಬಂದ ಎಂದು ಕೂಗುತ್ತಿದ್ದಳು. ಅವನು ಬೆನ್ನು ಬಾಗಿಸಿ, ಕೈಯಲ್ಲಿ ಕೋಲು ಹಿಡಿದವರಂತೆ ನಡುಗುತ್ತಾ ಅವಳ ತಟ್ಟೆಯ ರೊಟ್ಟಿ ಕದಿಯುತ್ತಿದ್ದ. ನಾನು ಸೆರಗಿನ ತುದಿಯಿಂದ ಅವನ ಹುಬ್ಬು ಒರೆಸುತ್ತಿದ್ದೆ. ಹುಬ್ಬು ಮತ್ತೆ ಕಪ್ಪಾಗುತ್ತಿತ್ತು. ಮೂವರೂ ನಗುತ್ತಿದ್ದೆವು. ಅವನಿಗಾಗ ನಲವತ್ತು ಕೂಡ ತುಂಬಿರಲಿಲ್ಲ.

ಆ ಹುಬ್ಬುಗಳು ಬೆಳ್ಳಗಾಗಬಾರದಿತ್ತು. ಅದು ನನಗೆ ತಿಳಿದದ್ದು ಬಹಳ ತಡವಾಗಿ. ತಿಳಿದ ಮೇಲೆ ಹೇಳಲು ಇನ್ನೂ ತಡ ಮಾಡಿದೆ.

ನಾವು ಶಹಾಬಾದಿನವರು. ಅಪ್ಪ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಖಣಿಯಲ್ಲಿ ದುಡಿದವನು. ಅಣ್ಣನೂ ಮೀಸೆ ಮೂಡುವ ಮೊದಲೇ ಅಲ್ಲಿಗೇ ಹೋದ. ಹೊಸದಾಗಿ ಎಬ್ಬಿಸಿದ ಫರಸಿ ಮಕ್ಕಳು ಬರೆಯುವ ಪಾಟಿಯಷ್ಟು ನುಣ್ಣಗಿರುತ್ತದೆ. ಅದರ ಮೇಲೆ ಇದ್ದಿಲಿನಿಂದ ಎತ್ತು, ಲಾರಿ, ಕೆಲಸ ಮಾಡಿಸುವ ಮುಕಾದಮನ ಹೊಟ್ಟೆ ಎಲ್ಲವನ್ನೂ ಬರೆಯುತ್ತಿದ್ದನಂತೆ. ಮುಕಾದಮ ಒಂದು ದಿನ ತನ್ನ ಹೊಟ್ಟೆಯನ್ನು ಗುರುತು ಹಿಡಿದ. ಇವತ್ತು ಪೆಟ್ಟು ಬೀಳುತ್ತದೆ ಎಂದು ಎಲ್ಲರೂ ಕಾದರೆ, ಅವನು ಅಣ್ಣನ ಕೈಗೆ ಬಣ್ಣದ ಡಬ್ಬಿ ಕೊಟ್ಟು ರೈಲಿಗೆ ಹೋಗುವ ಕಲ್ಲುಗಳ ಮೇಲೆ ನಂಬರು ಬರೆಯಲು ಹಚ್ಚಿದ. ಅಣ್ಣನ ಕೈಗೆ ಸುತ್ತಿಗೆ ಹೋಗಿ ಬ್ರಷ್ ಬಂದದ್ದು ಹೀಗೆ.

ನಮ್ಮ ಕಡೆಯ ಊರುಗಳು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಕಚೇರಿ, ಅಂಗಡಿಗಳ ಉರ್ದು ಹಲಗೆಗಳ ಪಕ್ಕದಲ್ಲಿ ಕನ್ನಡ ಹಲಗೆಗಳು ಬೇಕಾದವು. ಅಣ್ಣ ಸೈಕಲ್ಲಿನ ಎರಡೂ ಕಡೆ ಡಬ್ಬಿ ಕಟ್ಟಿಕೊಂಡು ವಾಡಿ, ಚಿತ್ತಾಪುರ, ಸೇಡಂವರೆಗೂ ಹೋಗುತ್ತಿದ್ದ. ನಾನು ಮೂರನೆಯ ತರಗತಿಗೇ ಶಾಲೆ ಬಿಟ್ಟವಳು. ಅವನು ಬರೆದ ಹಲಗೆಗಳನ್ನು ಅಂಗಳದಲ್ಲಿ ಒಣಗಲು ಸಾಲಾಗಿ ನಿಲ್ಲಿಸಿದಾಗ ನನ್ನನ್ನು ಎದುರಿಗೆ ಕೂಡಿಸಿಕೊಂಡು ಓದಿಸುತ್ತಿದ್ದ. ಹಿಟ್ಟಿನ ಗಿರಣಿ, ಸರಕಾರಿ ದವಾಖಾನೆ, ಒಳಗೆ ಪ್ರವೇಶವಿಲ್ಲ. ನನ್ನ ಪಾಠಗಳು ಇವೇ. ಈಗ ಇಷ್ಟು ಬರೆಯಲು ಬರುತ್ತಿದ್ದರೆ ಅದು ಆ ಹಸಿ ಬಣ್ಣದ ಹಲಗೆಗಳಿಂದ ಬಂದದ್ದು.

ಮುಖದ ಚಿತ್ರಗಳನ್ನೂ ಬರೆಯುತ್ತಿದ್ದ. ಒಮ್ಮೆ ತೆಂಗಳಿಯಿಂದ ಒಬ್ಬಾಕೆ ತನ್ನ ತೀರಿಕೊಂಡ ಗಂಡನ ಚಿತ್ರ ಬೇಕೆಂದು ಬಂದಳು. ಫೋಟೊ ಇರಲಿಲ್ಲ. ಅಣ್ಣ ಇಲ್ಲ ಎನ್ನಲಿಲ್ಲ. ಮಕ್ಕಳನ್ನೆಲ್ಲ ಕರೆದುಕೊಂಡು ಬರಲು ಹೇಳಿದ. ಐದಾರು ಮಂದಿಯನ್ನು ಸಾಲಾಗಿ ಕೂಡಿಸಿ, ಮೂಗು ಯಾರದು ಅಪ್ಪನಂತೆ, ಗದ್ದ ಯಾರದು, ಸಿಟ್ಟಿಗೆದ್ದರೆ ಯಾರ ಹಣೆ ಅವನ ಹಾಗೆ ಗಂಟಾಗುತ್ತದೆ ಎಂದು ಆಕೆಯನ್ನೇ ಕೇಳುತ್ತಾ ಬರೆದ. ಮಕ್ಕಳು ನನ್ನದು ನನ್ನದು ಎಂದು ಜಗಳಾಡಿದರು. ಚಿತ್ರ ಮುಗಿದ ಮೇಲೆ ಮೇಲಿನ ಬಟ್ಟೆ ತೆಗೆದಾಗ ಆಕೆ ತಟ್ಟನೆ ಎದ್ದು ನಿಂತು ತಲೆಯ ಮೇಲೆ ಸೆರಗು ಎಳೆದುಕೊಂಡಳು. ಅಣ್ಣ ಆ ದಿನ ಬೇರೆ ಯಾವ ಕೆಲಸವನ್ನೂ ಮುಟ್ಟಲಿಲ್ಲ.

ಗಾಜಿನ ಹುಚ್ಚು ಹತ್ತಿದ್ದು ವಾಡಿಯಲ್ಲಿ. ಅಲ್ಲಿನ ಕಾರ್ಖಾನೆಯ ಸಾಹೇಬರು ಇಳಿದುಕೊಳ್ಳುವ ಬಂಗಲೆಯ ಗೋಡೆಗೆ ಅಣ್ಣ ಚಿತ್ರ ಬರೆಯುತ್ತಿದ್ದ. ಬಾಗಿಲಿನ ಗಾಜುಗಳನ್ನು ಕೊರೆದು ಹೂ ಬಿಡಿಸಲು ಹೈದರಾಬಾದಿನಿಂದ ಒಬ್ಬ ಮುದುಕ ಬಂದಿದ್ದ. ಅವನನ್ನು ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ತಿರುಗುವ ಸಾಣೆಗಾಲಿಗೆ ಅವನು ಗಾಜು ಒತ್ತಿದರೆ, ಬಣ್ಣವೇ ಇಲ್ಲದ ಹೂವೊಂದು ಬೆಳಕಿನಲ್ಲಿ ಅರಳುತ್ತಿತ್ತಂತೆ. ಅಣ್ಣನ ಗೋಡೆಯ ಚಿತ್ರ ಅರ್ಧಕ್ಕೇ ಒಣಗಿತು. ಕೆಲಸ ಮುಗಿಸಿ ಉಸ್ತಾದ್ ರೈಲು ಹತ್ತಿದಾಗ ಅವನ ಪೆಟ್ಟಿಗೆ ಹೊತ್ತು ಅಣ್ಣನೂ ಹತ್ತಿದ. ಎರಡು ವರ್ಷ ಬರಲಿಲ್ಲ. ಬಂದಾಗ ಗೋಣಿಚೀಲದಲ್ಲಿ ದೊಡ್ಡದು, ಸಣ್ಣದು, ಒರಟು, ನುಣುಪು ಎಂದು ಸಾಣೆಗಾಲಿಗಳಿದ್ದವು, ಬಾಯಲ್ಲಿ ಉಸ್ತಾದನ ಒಂದು ಮಾತು ಇತ್ತು: “ಪಾನಿ ನಕೋ ರೋಕೋ.” ಗಾಲಿಗೆ ನೀರು ನಿಲ್ಲಿಸಬೇಡ ಎಂದು. ನೀರು ನಿಂತರೆ ಗಾಜು ಬಿಸಿಯಾಗಿ ಬಿರಿಯುತ್ತದೆ ಎಂದು ಅಣ್ಣ ನಮಗೆಲ್ಲ ಹೇಳುತ್ತಿದ್ದ. ನಾನು ತಿಳಿದುಕೊಂಡದ್ದೂ ಅಷ್ಟನ್ನೇ.

ಅವನು ಕೆಲಸ ಮಾಡುವ ರೀತಿ ನೋಡಲು ಓಣಿಯ ಮಂದಿ ಬಂದು ನಿಲ್ಲುತ್ತಿದ್ದರು. ದೊಡ್ಡ ಗಾಜನ್ನು ತೊಲೆಗೆ ಹಗ್ಗದಿಂದ ತೂಗಿಬಿಟ್ಟು, ಹಗ್ಗದ ಇನ್ನೊಂದು ತುದಿಗೆ ಅಷ್ಟೇ ತೂಕದ ಫರಸಿ ಕಟ್ಟುತ್ತಿದ್ದ. ಆಗ ಅಷ್ಟು ದೊಡ್ಡ ಗಾಜು ಕೈಯಲ್ಲಿ ಹೂವಿನಷ್ಟು ಹಗುರಾಗುತ್ತಿತ್ತು. ಗಾಜಿನ ಆಚೆ ಬದಿಗೆ ಗಾಲಿ, ಈಚೆ ಬದಿಗೆ ಅಣ್ಣನ ಮುಖ. ಗಾಲಿ ಹಿಂದಿನಿಂದ ಕೊರೆಯುವುದನ್ನು ಅವನು ಮುಂದಿನಿಂದ ನೋಡುತ್ತಾ ಗಾಜನ್ನು ಓಡಾಡಿಸುತ್ತಿದ್ದ. ಬಾಯಲ್ಲಿ ಏನಾದರೊಂದು ಗುನುಗುತ್ತಲೇ ಇರುತ್ತಿದ್ದ. ಉಸ್ತಾದ್ ಮೂಗು ಬಾಯಿಗೆ ಬಟ್ಟೆ ಕಟ್ಟುತ್ತಿದ್ದನಂತೆ. ಅಣ್ಣ ಕಟ್ಟಲಿಲ್ಲ, ಗುನುಗಲು ಆಗುವುದಿಲ್ಲ ಎಂದು.

ಬಣ್ಣದ ಕೆಲಸ, ಗಾಜಿನ ಕೆಲಸ ಎರಡರಲ್ಲಿ ಯಾವುದು ಕಠಿಣ ಎಂದು ನಾನೊಮ್ಮೆ ಕೇಳಿದ್ದೆ. ಅವನು ಹೇಳಿದ್ದು ಇದು: “ಬಣ್ಣದಾಗ ತಪ್ಪಾದ್ರ ಮ್ಯಾಲ ಇನ್ನೊಂದು ಬಣ್ಣ ಹಚ್ಚಿ ಮುಚ್ಚಬಹುದು. ಗಾಜಿನಾಗ ಮುಚ್ಚಲಿಕ್ಕಾಗಲ್ಲ. ಗಾಲಿ ಜಾರಿ ಗೀರು ಬಿತ್ತಂದ್ರ ಅದನ್ನ ಒಂದು ಎಲಿ ಮಾಡಬೇಕು.” ಅದಕ್ಕೇ ಅವನ ಗಾಜುಗಳಲ್ಲಿ ಯಾವಾಗಲೂ ಒಂದು ಬಳ್ಳಿ ಇರುತ್ತಿತ್ತು. ಮಾಲೀಕ ನವಿಲು ಕೇಳಲಿ, ಕಮಲ ಕೇಳಲಿ, ಅಂಚಿನಲ್ಲಿ ಒಂದು ಹೀರೆಬಳ್ಳಿ ಹಬ್ಬಿಸುತ್ತಿದ್ದ. ಕೆಲಸ ಮುಗಿದ ಮೇಲೆ ಎಲ್ಲೋ ಒಂಟಿಯಾಗಿ ಅಡ್ಡ ಬಂದ ಎಲೆಯನ್ನು ಬೆರಳಿನಿಂದ ಮುಟ್ಟಿ ನನಗಷ್ಟೇ ಕೇಳುವಂತೆ “ಇದು ನಮ್ಮದು” ಎನ್ನುತ್ತಿದ್ದ.

ನನ್ನನ್ನು ಗುಂಡಗುರ್ತಿಗೆ ಕೊಟ್ಟಿದ್ದರು. ಗಂಡ ಇನ್ನೊಬ್ಬಳನ್ನು ಮನೆಗೆ ತಂದ ಮೇಲೆ ನಾನು ಮಗಳನ್ನು ಬಗಲಿಗೆ ಹಾಕಿಕೊಂಡು ಶಹಾಬಾದಿಗೆ ಬಂದೆ. ಅಪ್ಪ ಅವ್ವ ಆಗಲೇ ಇರಲಿಲ್ಲ. ಬಾಗಿಲಲ್ಲಿ ನಿಂತಾಗ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದೆಲ್ಲ ಮರೆತುಹೋಗಿತ್ತು. ಅಣ್ಣ ನನ್ನ ಕೈಯ ಬಟ್ಟೆಗಂಟು ನೋಡಿದ, ಮಗುವನ್ನು ನೋಡಿದ.

“ಛಲೋ ಆಯ್ತು ಬಂದಿ. ಗಾಲಿ ತಿರವಲಿಕ್ಕ ಯಾರೂ ಸಿಗಲಾರದಕ್ಕ ಸುಮ್ಮ ಕುಂತಿದ್ದೆ” ಎಂದ.

ಅಷ್ಟೇ. ಯಾಕೆ ಬಂದೆ ಎಂದು ಆ ದಿನವೂ ಕೇಳಲಿಲ್ಲ, ಮುಂದೆಯೂ ಕೇಳಲಿಲ್ಲ. ನಾನು ಬಂದದ್ದು ಅವನಿಗೆ ಉಪಕಾರವಾಯಿತು ಎಂಬಂತೆ ಮಾಡಿಬಿಟ್ಟ. ಅವನ ಲಗ್ನದ ಮಾತು ಆಮೇಲೆ ಯಾರೂ ಎತ್ತಲಿಲ್ಲ. ಅದಕ್ಕೂ ಕಾರಣ ನಾನೇ ಇರಬೇಕು. ಅವನಂತೂ ಹಾಗೆ ಎಂದೂ ತೋರಿಸಿಕೊಳ್ಳಲಿಲ್ಲ.

ದೊಡ್ಡ ಕಟ್ಟಿಗೆ ಚಕ್ರಕ್ಕೆ ಪಟ್ಟಾ ಹಾಕಿ ಅದನ್ನು ನಾನು ತಿರುವಿದರೆ ಸಾಣೆಗಾಲಿ ತಿರುಗುತ್ತಿತ್ತು. ವಾಡಿಯ ಚರ್ಚಿನ ಕಿಟಕಿ, ಚಿತ್ತಾಪುರದ ದರ್ಗಾದ ಬಾಗಿಲು, ಚಿಂಚೋಳಿಯ ಪಕ್ಕದ ಚಂದಾಪುರದಲ್ಲಿ ಒಬ್ಬ ವ್ಯಾಪಾರಿಯ ಹೊಸ ಮನೆ, ಇವೆಲ್ಲ ನನ್ನ ತೋಳಿನ ಬಲದಿಂದ ಆದವು ಎಂದು ಅಣ್ಣ ಬಂದವರ ಮುಂದೆ ಹೇಳುತ್ತಿದ್ದ. ನನಗೂ ಹೆಮ್ಮೆ ಇತ್ತು. ಆಮೇಲೆ ಕಾರ್ಖಾನೆಯ ಗುಜರಿಯಿಂದ ಒಂದು ಮೋಟಾರು ಬಂತು. ತಿರುವುವ ಕೆಲಸ ಹೋಯಿತು. ನನಗೆ ಉಳಿದದ್ದು ನೀರಿನ ಕೆಲಸ ಒಂದೇ.

ಗುಡಿಯಲ್ಲಿ ಲಿಂಗದ ಮೇಲೆ ಹನಿ ಹನಿಯಾಗಿ ನೀರು ಬೀಳಲು ತೂತಿನ ತಂಬಿಗೆ ತೂಗಿಬಿಟ್ಟಿರುತ್ತಾರಲ್ಲ, ಹಾಗೇ ಅಣ್ಣ ಗಾಲಿಯ ನೆತ್ತಿಗೆ ಒಂದು ಮಣ್ಣಿನ ಗಡಿಗೆ ತೂಗಿಬಿಟ್ಟಿದ್ದ. ತಳದ ತೂತಿನಲ್ಲಿ ಅರಳೆಯ ಬತ್ತಿ. ಬತ್ತಿ ತೆಳ್ಳಗಿದ್ದರೆ ನೀರು ಧಾರೆಯಾಗಿ ಬೀಳುತ್ತದೆ, ದಪ್ಪಗಿದ್ದರೆ ಹನಿ. ಗಾಲಿಗೆ ಅಭಿಷೇಕ ನಡೆದಿದೆ ಎಂದು ಓಣಿಯವರು ನಗುತ್ತಿದ್ದರು. ಕೊರೆದ ಗಾಜಿನ ಪುಡಿ ನೀರಿನೊಡನೆ ಬಿಳಿ ರಾಡಿಯಾಗಿ ನೆಲಕ್ಕೆ ಇಳಿಯುತ್ತಿತ್ತು. ಸಂಜೆಗೆ ನಾನು ಅದನ್ನು ಬಳಿದು ಚೆಲ್ಲಿ ನೆಲ ತೊಳೆಯುತ್ತಿದ್ದೆ. ಒಮ್ಮೆ ಬಿದ್ದ ನೀರನ್ನು ಮತ್ತೆ ಗಡಿಗೆಗೆ ಹಾಕುವಂತಿರಲಿಲ್ಲ, ಅದರ ಪುಡಿಯಿಂದ ಗಾಜಿಗೆ ಗೀರು ಬೀಳುತ್ತಿತ್ತು.

ಎರಡು ವರ್ಷ ಸರಿಯಾಗಿ ಮಳೆಯಾಗಲಿಲ್ಲ. ನಮ್ಮ ಓಣಿಯ ಭಾವಿ ಬತ್ತಿ, ಊರಾಚೆ ಖಣಿಯ ಹತ್ತಿರದ ಭಾವಿಗೆ ಹೋಗಬೇಕಾಯಿತು. ಅದೇ ಬೇಸಿಗೆಯಲ್ಲಿ ಸೇಡಂನ ಒಂದು ಮಂಗಲ ಕಾರ್ಯಾಲಯದ ಕೆಲಸ ಬಂದಿತ್ತು. ಮುಂಬಾಗಿಲಿಗೆ ಆಳೆತ್ತರದ ಮೂರು ಗಾಜು, ಮೂರರಲ್ಲೂ ನವಿಲು. ಅಣ್ಣ ಅಷ್ಟು ದೊಡ್ಡದನ್ನು ಹಿಂದೆ ಮಾಡಿರಲಿಲ್ಲ. ಮುಂದಿನ ಲಗ್ನಗಳ ಹೊತ್ತಿಗೆ ಕೂಡಿಸಬೇಕಿತ್ತು.

ಮನೆಗೆ ನೀರು ತಂದ ಮೇಲೆ ಗಾಲಿಗೆಂದು ನಾನು ಮತ್ತೆ ಭಾವಿಗೆ ಹೋಗಿ ಪಾಳಿ ಹಚ್ಚುತ್ತಿದ್ದೆ. ಅಲ್ಲಿನ ಹೆಂಗಸರಿಗೆ ನನ್ನ ಕಥೆ ಗೊತ್ತಿತ್ತು. ಗಂಡ ಬಿಟ್ಟವಳು ಎಂಬುದನ್ನು ಅವರು ಬಾಯಿಬಿಟ್ಟು ಅನ್ನುತ್ತಿರಲಿಲ್ಲ, ಅನ್ನಲು ಬೇರೆ ದಾರಿ ಸಿಕ್ಕಿತ್ತು. ಒಬ್ಬ ಮುದುಕಿ ನನ್ನ ಕೊಡ ನೋಡಿ ಎಲ್ಲರಿಗೂ ಕೇಳುವಂತೆ ಕೇಳಿದಳು.

“ಏನವ್ವಾ, ಮತ್ತ ಬಂದಿ? ನಿಮ್ಮನಿ ಗಾಜಿಗಿ ಇನ್ನಾ ನೀರಡಿಕಿ ಹಿಂಗಿಲ್ಲೇನು?”

ಎಲ್ಲರೂ ನಕ್ಕರು. ಇನ್ನೊಬ್ಬಳು, ಇಲ್ಲಿ ಮಕ್ಕಳ ಬಾಯಿಗೆ ನೀರಿಲ್ಲ, ಇವರು ಗಾಜಿಗೆ ಕುಡಿಸುತ್ತಾರೆ ಎಂದಳು. ಅದು ಸುಳ್ಳೂ ಅಲ್ಲ. ನಾನು ಕೊಡ ತುಂಬಿಕೊಂಡು ಬಂದೆ, ಆದರೆ ದಾರಿಯಲ್ಲಿ ಕಾಲು ಸುಟ್ಟದ್ದಕ್ಕಿಂತ ಆ ನಗು ಹೆಚ್ಚು ಸುಟ್ಟಿತು.

ಮರುದಿನ ಅಣ್ಣ ನನ್ನ ಮುಖ ನೋಡಿ ತಾನೇ ಕೊಡ ಎತ್ತಿಕೊಂಡು ಹೊರಟ. ನಾನು ಓಡಿಹೋಗಿ ಕಸಿದುಕೊಂಡೆ. ಗಂಡಸು ಕೊಡ ಹೊತ್ತು ಆ ಹೆಂಗಸರ ಪಾಳಿಯಲ್ಲಿ ನಿಂತರೆ ನಾಳೆ ನಾನು ಅಲ್ಲಿ ಮುಖ ಎತ್ತಲಾದೀತೇ ಎಂದು ಜಗಳಾಡಿದೆ. ಅವನು ಕೊಡ ಬಿಟ್ಟ.

ಅವತ್ತೇ ನಾನು ಬತ್ತಿ ಬದಲಿಸಿದೆ. ಅರಳೆ ಹೆಚ್ಚಿಗೆ ಹೊಸೆದು, ತೂತಿಗೆ ಬಿಗಿಯಾಗಿ ತುರುಕಿದೆ. ನೀರು ಪೂರ್ತಿ ನಿಂತರೆ ಗಾಜು ಬಿರಿಯುತ್ತದೆ ಎಂಬ ಹೆದರಿಕೆ ಇತ್ತು. ಆದ್ದರಿಂದ ನಿಂತು ನೋಡಿದೆ. ಹನಿ ಬೀಳುತ್ತಿತ್ತು. ಗಾಜು ಬಿರಿಯಲಿಲ್ಲ. ಮಧ್ಯಾಹ್ನಕ್ಕೆ ಬರಿದಾಗುತ್ತಿದ್ದ ಗಡಿಗೆ ಸಂಜೆಯವರೆಗೆ ಬಂತು. ಎರಡನೆಯ ಸಲ ಭಾವಿಗೆ ಹೋಗುವುದು ತಪ್ಪಿತು. ನೆಲದ ಮೇಲೆ ರಾಡಿಯೂ ಕಡಿಮೆ, ತೊಳೆಯುವ ನೀರೂ ಉಳಿಯಿತು. ನಾನು ಭಾಳ ಶಾಣ್ಯಾಕೆ ಎಂದು ಒಳಗೊಳಗೇ ಹಿಗ್ಗಿದೆ. ರಾಡಿಯಾಗಿ ನೆಲಕ್ಕೆ ಇಳಿಯಬೇಕಾದದ್ದು ಎಲ್ಲಿಗೆ ಹೋಯಿತೆಂದು ಕೇಳಿಕೊಳ್ಳಲಿಲ್ಲ. ಅದು ಅಣ್ಣನ ಹುಬ್ಬಿನ ಮೇಲೆ ದಿನಾ ನನ್ನ ಕಣ್ಣೆದುರಿಗೇ ಊಟಕ್ಕೆ ಬಂದು ಕೂಡುತ್ತಿತ್ತು. ನಾನು ಸೆರಗಿನಿಂದ ಒರೆಸಿ ನಗುತ್ತಿದ್ದೆ.

ಬೇಸಿಗೆ ಪೂರ್ತಿ ಹಾಗೇ ನಡೆಯಿತು. ನೀರು ಸಾಲದೆ ಗಾಲಿ ಜಾರುತ್ತಿತ್ತು, ಒಂದು ದಿನವೂ ಗೀರು ಬೀಳದೆ ಇರಲಿಲ್ಲ. ಅಣ್ಣ ಎಲೆಯ ಮೇಲೆ ಎಲೆ ಕೊರೆದ. ಅಂಗಳದಲ್ಲಿ ನಾನು ಬಚ್ಚಲ ನೀರಿಗೆ ಹಬ್ಬಿಸಿದ್ದ ಹೀರೆಬಳ್ಳಿ ಆ ವರ್ಷ ಒಣಗಿಹೋಗಿತ್ತು. ಗಾಜಿನ ಬಳ್ಳಿ ಮಾತ್ರ ದಟ್ಟವಾಗುತ್ತಾ ಹೋಯಿತು. ಮೂರೂ ಗಾಜುಗಳನ್ನು ಹುಲ್ಲಿನ ನಡುವೆ ಮಲಗಿಸಿ ಲಾರಿಯಲ್ಲಿ ಸೇಡಂಗೆ ಒಯ್ದರು. ಮಾಲೀಕರು ಖುಷಿಯಾಗಿ ಅಣ್ಣನಿಗೆ ಶಾಲು ಹೊದಿಸಿದರೆಂದು ಕೇಳಿದೆ. ನಾನು ಹೋಗಲಿಲ್ಲ. ಆ ಸಲ ಅವನು ಯಾವ ಎಲೆಯನ್ನೂ ಮುಟ್ಟಿ ಇದು ನಮ್ಮದು ಎನ್ನಲಿಲ್ಲ. ಅದು ನನ್ನ ಗಮನಕ್ಕೆ ಬಂದಿತ್ತು.

ಮಳೆಗಾಲ ಬಂತು, ಓಣಿಯ ಭಾವಿ ತುಂಬಿತು, ನಾನು ಬತ್ತಿ ತೆಳ್ಳಗೆ ಮಾಡಿದೆ. ಆದರೆ ಅಣ್ಣನ ಕೆಮ್ಮು ಶುರುವಾಗಿತ್ತು. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದಾಗ ಕಚೇರಿಗಳ ಹಲಗೆಯ ಮೇಲಿನ ಮೈಸೂರು ಅಳಿಸಿ ಬರೆಯಲು ಅವನನ್ನೇ ಕರೆದರು. ಮೊದಲಿನ ಹಲಗೆಗಳೂ ಅವನವೇ. ನಾನೂ ಜೊತೆಗೆ ಚಿತ್ತಾಪುರಕ್ಕೆ ಹೋಗಿದ್ದೆ. ನಿಚ್ಚಣಿಕೆಯ ಅರ್ಧಕ್ಕೆ ನಿಂತುಬಿಟ್ಟ. ಉಸಿರು ಸಿಗುತ್ತಿರಲಿಲ್ಲ. ಕೆಳಗೆ ನಿಂತ ಸಿಪಾಯಿ ಯಾಕ್ರಿ ಹೆದರಿಕಿ ಬಂತೇನು ಎಂದು ಚೇಷ್ಟೆ ಮಾಡಿದ. ಹಳೇ ಅಕ್ಷರ ಎಷ್ಟು ಚಂದ ಇವೆ ನೋಡುತ್ತಿದ್ದೇನೆ ಎಂದು ಅಣ್ಣ ಮೇಲಿನಿಂದಲೇ ಉತ್ತರ ಕೊಟ್ಟ.

ಕಲಬುರಗಿಯ ದೊಡ್ಡ ದವಾಖಾನೆಯಲ್ಲಿ ಎದೆಯ ಫೋಟೊ ತೆಗೆದ ಡಾಕ್ಟರು, ಕಲ್ಲಿನ ಧೂಳು, ಗಾಜಿನ ಧೂಳು ಎರಡೂ ಒಳಗೆ ಕೂತಿವೆ, ಇನ್ನು ಹೊರಗೆ ಬರುವುದಿಲ್ಲ ಎಂದರು. ಖಣಿಯದೆಷ್ಟು ಗಾಲಿಯದೆಷ್ಟು ಎಂದು ನಾನು ಕೇಳಿದೆ. ಅದು ಯಾಕೆ ಬೇಕು ಎನ್ನುವಂತೆ ನನ್ನ ಮುಖ ನೋಡಿದರು. ನೀರಿದ್ದರೆ ಧೂಳು ಏಳುವುದಿಲ್ಲ, ಗಾಲಿಗೆ ನೀರು ಹಾಕುತ್ತಿದ್ದಿರಿ ತಾನೆ ಎಂದು ಅಣ್ಣನನ್ನು ಕೇಳಿದರು. ಅಣ್ಣ ಯಾವಾಗಲೂ ಹಾಕುತ್ತಿದ್ದೆವು ಎಂದ. ನಾನು ಗೋಡೆಯ ಕಡೆ ತಿರುಗಿದೆ.

ಸಾಣೆಗಾಲಿಗಳು ಮತ್ತೆ ಗೋಣಿಚೀಲ ಸೇರಿದವು. ಅಣ್ಣ ಬಣ್ಣಕ್ಕೆ ಮರಳಿದ. ಪಡಸಾಲೆಯ ಕಂಬಕ್ಕೆ ಒರಗಿ, ಉಳಿದ ಗಾಜಿನ ಚೂರುಗಳ ಮೇಲೆ ಅಂಗೈಯಗಲದ ಚಿತ್ರಗಳನ್ನು ಬರೆಯುತ್ತಿದ್ದ. ರೊಟ್ಟಿ ಬಡಿಯುವ ಕೈ, ಖಣಿಯ ಏಣಿ, ನನ್ನ ಮಗಳ ಜಡೆ. ಹೀಗೆ ಏಳೆಂಟು ವರ್ಷ ಬದುಕಿದ. ಮಗಳನ್ನು ಶಾಲೆ ಬಿಡಿಸಬಾರದೆಂದು ಹಟ ಹಿಡಿದ. ಅವಳು ಟೀಚರಾದದ್ದು ಅವನಿಂದ. ಇಷ್ಟು ವರ್ಷದಲ್ಲಿ ಒಂದು ದಿನವೂ ಬತ್ತಿಯ ಮಾತು ಹೇಳಲು ನನಗೆ ಬಾಯಿ ಬರಲಿಲ್ಲ.

ಬಂದದ್ದು ಅವನು ಹೋಗುವ ವರ್ಷ. ಆಗ ನಮ್ಮ ಅಂಗಳಕ್ಕೆ ನಳ ಬಂದಿತ್ತು. ಒಂದು ಬೆಳಗ್ಗೆ ಬ್ರಷ್ ತೊಳೆಯಲು ಅವನಿಗೆ ಬಟ್ಟಲಲ್ಲಿ ನೀರು ತಂದಿಟ್ಟೆ. ಇಟ್ಟ ಮೇಲೂ ನಾನು ಬಟ್ಟಲಿನ ಅಂಚಿನಿಂದ ಕೈ ತೆಗೆಯಲಿಲ್ಲ. ಏನಾಯ್ತು ಎಂದ. ನಾನು ಅಲ್ಲೇ ಕೂತು ಎಲ್ಲ ಹೇಳಿದೆ. ಭಾವಿ, ಮುದುಕಿಯ ಮಾತು, ಬತ್ತಿ. ಹೇಳುವಾಗ ಅವನ ಮುಖ ನೋಡಲಿಲ್ಲ, ಬಟ್ಟಲು ನೋಡುತ್ತಿದ್ದೆ.

ಅವನು ಬ್ರಷ್ಷನ್ನು ನೀರಿನಲ್ಲಿ ಅದ್ದಿ ಅಲ್ಲಾಡಿಸಿದ.

“ಗೊತ್ತಿತ್ತು” ಎಂದ.

ನನಗೆ ಕೇಳಿಸಿತೋ ಇಲ್ಲವೋ ಎನ್ನುವಂತೆ ಮತ್ತೆ ಹೇಳಿದ. “ನೀರು ಇದ್ದಾಗ ಗಾಲಿ ಸಪ್ಪಳ ಒಂದು ಥರಾ, ಕಮ್ಮಿ ಆದಾಗ ಒಂದು ಥರಾ. ಮೊದಲ್ನೇ ದಿನಾನೇ ತಲಿ ಎತ್ತಿ ನೋಡಿದ್ದೆ. ಬತ್ತಿ ದಪ್ಪ ಇತ್ತು.”

“ಮತ್ತ ಯಾಕ ತಗೀಲಿಲ್ಲ? ನಿನ್ನ ಕೈಗೆ ಎಟುಕ್ತಿತ್ತಲ್ಲಣ್ಣಾ.”

“ತಗದಿದ್ರ ಮಧ್ಯಾಹ್ನಕ್ಕ ಗಡಗಿ ಖಾಲಿ ಆಗ್ತಿತ್ತು. ನೀ ಮತ್ತ ಹೋಗ್ತಿದ್ದಿ. ನನ್ನ ಕೈಗಂತೂ ಕೊಡ ಕೊಡಲಿಲ್ಲ.” ಬ್ರಷ್ಷಿನ ತುದಿ ಹಿಂಡಿ ಬಟ್ಟೆಗೆ ಒರೆಸಿದ. “ಆ ಭಾವಿ ಭಾಳ ದೂರ ಇತ್ತು, ತಂಗಿ.”

ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅವನು ಬೈಯಲಿಲ್ಲ. ಬಟ್ಟಲು ನನ್ನ ಕಡೆ ಸರಿಸಿ, ಈ ನೀರು ಹೊಲಸಾಗಿದೆ, ಬೇರೆ ತಾ, ಈಗ ನಳ ಬಂದಿದೆಯಲ್ಲ ಎಂದ. ನಾನು ನಳದ ಕೆಳಗೆ ಬಟ್ಟಲಿಟ್ಟು, ಅದು ತುಂಬಿ ಚೆಲ್ಲಿ ಕಾಲು ತೋಯುವವರೆಗೂ ಅಲ್ಲೇ ನಿಂತಿದ್ದೆ.

ಮಳೆಗಾಲ ಮುಗಿಯುವ ಮೊದಲು ಅವನು ಹೋದ. ಹೋದ ದಿನ ಮುಖ ತೊಳೆಸಿದವಳು ನಾನೇ. ಹುಬ್ಬಿನಲ್ಲಿ ಅಲ್ಲಲ್ಲಿ ಬಿಳಿ ಇತ್ತು. ಅಭ್ಯಾಸದಂತೆ ಸೆರಗಿನಿಂದ ಒರೆಸಿದೆ. ಈ ಸಲ ಅದು ವಯಸ್ಸಿನ ಬಿಳಿ, ಹೋಗಲಿಲ್ಲ.

ಸೇಡಂನ ಆ ಗಾಜುಗಳನ್ನು ಬಾಗಿಲಿಗೆ ಕೂಡಿಸಿದ ಮೇಲೆ ನಾನು ನೋಡಿರಲಿಲ್ಲ. ಹೋದ ವರ್ಷ ಮಗಳ ಜೊತೆ ಕಲಿಸುವವರೊಬ್ಬರ ಮನೆಯ ಲಗ್ನ ಅಲ್ಲೇ ಇತ್ತು. ಬೆಳಗಿನ ಬಿಸಿಲು ಮುಂಬಾಗಿಲಿನಿಂದ ಒಳಗೆ ಬಂದಿತ್ತು, ಹಾಸಿದ ಜಮಖಾನೆಯ ತುಂಬ ಬೆಳಕಿನ ಎಲೆಗಳು ಬಿದ್ದಿದ್ದವು. ಮಕ್ಕಳು ಅವುಗಳ ಮೇಲೆ ಜಿಗಿದಾಡುತ್ತಿದ್ದರು. ನವಿಲುಗಳಿದ್ದವು, ಆದರೆ ಬಳ್ಳಿ ಅವನ್ನು ಮುಕ್ಕಾಲು ಮುಚ್ಚಿಬಿಟ್ಟಿತ್ತು. ಒಂದೊಂದು ಎಲೆಯ ನಡುವಿನ ನರವೂ ಒಂದು ಗೀರು ಎಂದು ನನಗೆ ಮಾತ್ರ ಗೊತ್ತಿತ್ತು. ಅದನ್ನು ಎಲೆ ಮಾಡುವ ಹೊತ್ತಿನಲ್ಲೆಲ್ಲ ಅವನು ಆ ಧೂಳಿನಲ್ಲಿ ಬಾಯಿ ತೆರೆದು ಗುನುಗುತ್ತಿದ್ದ.

ನನ್ನ ಪಕ್ಕದಲ್ಲಿ ಗಂಡಿನ ಕಡೆಯ ಒಬ್ಬ ಹಿರಿಯ ಹೆಂಗಸು ಕೂತಿದ್ದಳು. ನಾನು ನೋಡುತ್ತಿದ್ದುದನ್ನು ನೋಡಿ, ಯಾರೋ ಶಹಾಬಾದಿನವನು ಮಾಡಿದ್ದಂತೆ ಎಂದಳು. ನಮ್ಮಣ್ಣ ಎಂದೆ. ಆಕೆ ಹಿಗ್ಗಿ ನನ್ನ ಕಡೆ ಪೂರ್ತಿ ತಿರುಗಿ ಕೂತಳು.

“ಹೌದೇನ್ರಿ? ಎಂಥಾ ಕೈರಿ ಅದು. ಚಿಂಚೋಳಿ ಕಡೆ, ವಾಡಿ ಕಡೆ ಎಲ್ಲಾ ನೋಡೀನಿ, ಇಷ್ಟು ಎಲಿ ಎಲ್ಲೂ ಬಿಡಿಸಿಲ್ಲ ನೋಡ್ರಿ.”

“ಆ ವರ್ಷ ನೀರು ಕಡಿಮಿ ಇತ್ರಿ” ಎಂದೆ.

ಆಕೆಗೆ ಅರ್ಥವಾಗಲಿಲ್ಲ. ಆದರೂ ಹೌದು ಹೌದು ಎಂದು ತಲೆಯಾಡಿಸಿದಳು. ಊಟಕ್ಕೆ ಕರೆದಾಗ ನಾನು ಏಳಲಿಲ್ಲ. ಬಿಸಿಲು ಸರಿಯುತ್ತಾ ಎಲೆಗಳು ಜಮಖಾನೆ ದಾಟಿ ನನ್ನ ಕಾಲಿನ ಮೇಲೆ ಬಂದಿದ್ದವು, ಆಮೇಲೆ ಮಡಿಲಿಗೆ ಬಂದವು. ನಾನು ಎರಡೂ ಕೈ ಚಾಚಿ ಅವುಗಳನ್ನು ಹಿಡಿದು ಕೂತಿದ್ದೆ.